ಅಮಾಸಿಯ ಮೂರು ತಾಸು

ಅಮಾಸಿಗೆ ಗಂಜಿನಾಗ ತಕ್ಕಡಿ ಏಳಂಗಿಲ್ಲ.
ಅದಕ್ಕೇ ಲಾಡ್ಲೇಸಾಬ ಬಂದ,
ಹೆಗಲ ಮ್ಯಾಲ ಟಾವೆಲ್ಲು, ಕೈಯಾಗ ನಾಕು ಮೋಸಂಬಿ.
ಚಪ್ಪಲಿ ಬಿಡೂಕಿಂತ ಮೊದಲೇ ಅಂದ:
'ಚಂದಮ್ಮ, ನೀ ಹೊರಗ ಹೋಗು.
ಮೂರು ತಾಸು ಇಲ್ಲಿ ನನ್ನ ಪಾಳಿ.'

ಹೊರಗ ಅಂದ್ರ ಎಲ್ಲಿ?
ನನಗ ಹೊರಗ ಅಂದ್ರ ದವಾಖಾನಿ, ಗುಳಿಗಿ ಅಂಗಡಿ,
ನಳ, ಚಾದರ ಒಣಹಾಕೂ ತಂತಿ.
ಎರಡು ವರ್ಷ ಎಂಟು ತಿಂಗಳಾತು
ಅಪ್ಪನ ಎಡಗೈ, ಎಡಗಾಲು
ಅಪ್ಪನ ಮಾತು ಕೇಳೂದು ಬಿಟ್ಟು,
ನಾನು ದಾಲ್ ಮಿಲ್ಲಿಗೆ ಹೋಗೂದು ಬಿಟ್ಟು.

ಎರಡು ತಾಸಿಗೊಮ್ಮೆ ಮಗ್ಗಲು ಹೊಳ್ಳಸ್ತೀನಿ,
ಇಲ್ಲಂದ್ರ ಬೆನ್ನು ಹುಣ್ಣಾಗ್ತದ.
ಆ ಬೆನ್ನು!
ನೂರು ಕಿಲೋ ತೊಗರಿ ಹೊತ್ತು
ಹಲಗಿ ಮ್ಯಾಲ ಓಡಿ ಲಾರಿ ಏರತಿದ್ದ ಬೆನ್ನು.
ಈಗ ಅದರ ಮ್ಯಾಲ ರೂಪಾಯಿಯಷ್ಟು ಕೆಂಪು ಕಂಡರೂ
ನನ್ನ ಜೀವ ಹಾರ್ತದ.

ಮಂದಿ ಬರ್ತಾರ. ಬಾಗಿಲಾಗೇ ನಿಂತು
'ಪುಣ್ಯಾ ಕಟ್ಕೊಂಡಿ ನೋಡವ್ವ' ಅಂತಾರ.
ಕಟ್ಟಿದ್ದು ಗಂಟಾಗಿ ಮೂಲ್ಯಾಗ ಬಿದ್ದದ.
ಗಂಟು ಒಯ್ದು ಯಾರಾದರೂ ಬದಲಿಗೆ
ಒಂದು ರಾತ್ರಿ ನಿದ್ದಿ ಕೊಡ್ತಾರೇನು, ಕೇಳಬೇಕು.

ಹೋದ ಚಳಿಗಾಲ, ಮೂರನೇ ಸಲ ಚಾದರ ಒದ್ದಿ ಆದ ರಾತ್ರಿ
ಜೋರಾಗಿ ಜಗ್ಗಿದೆ.
ಪಲಂಗಿನ ಸರಳಿಗೆ ಅಪ್ಪನ ತಲಿ ಬಡೀತು.
ಅಂವ ಏನೂ ಅನಲಿಲ್ಲ. ಅನ್ನೂಕ ಮಾತಿಲ್ಲ.
ಇದನ್ನ ನಾ ಯಾರಿಗೂ ಹೇಳಿಲ್ಲ.

'ಮೊದಲೇ ಯಾಕ ಕರೀಲಿಲ್ಲ?' ಲಾಡ್ಲೇಸಾಬ ಕೇಳಿದ.
ಸುಮ್ಮನ ನಿಂತೆ.
'ಯಾ ಚೀಲಾನೂ ತಾನಾಗೇ ಬೆನ್ನು ಏರಂಗಿಲ್ಲ ಬೇಟಿ,
ಇಬ್ಬರು ಎತ್ತಿ ಕೊಡಬೇಕು.
ಕೈ ಹಚ್ಚರೋ ಅಂತ ಕೂಗೂಕ ನಾಚಿದಂವ
ನಡಾ ಮುರಕೊಂಡು ಮನ್ಯಾಗ ಕುಂತ.
ಇದು ಕಲಿಸಿದಂವ ಇಲ್ಲೇ ಮಲಗ್ಯಾನ, ಕೇಳು.'

ಹೋದೆ. ಬಸ್‌ಸ್ಟ್ಯಾಂಡಿನ ತನಕ ಕಾಲು ತಾವೇ ಹೋದವು.
ಸೇಡಂ ಬಸ್ಸು ನೆರಳಿಗಿತ್ತು, ಖಾಲಿ ಇತ್ತು.
ಕಿಡಕಿ ಬಾಜೂಕ ಕುಂತೆ.
ತಲಿ ಎಲ್ಲಿ ವಾಲಿತು ಗೊತ್ತಿಲ್ಲ.
'ಅವ್ವಾ, ಸೇಡಂ ಏನು?' ಕಂಡಕ್ಟರ್ ಎಬ್ಬಿಸಿದ.
'ಇಲ್ರಿ.'
'ಮತ್ತ?'
'ಜರಾ ಕುಂದರೂಕ ಬಂದಿದ್ದೆ.'
ನನ್ನ ಮುಖ ನೋಡಿದ. ಗಡಿಯಾರ ನೋಡಿದ.
'ಇನ್ನ ಹದಿನೈದು ನಿಮಿಷ ಅದ, ಮಲಕೋರಿ' ಅಂದು
ಕೆಳಗಿಳಿದು ಚಹಾದ ಕಡೆ ನಡದ.

ಮನಿಗೆ ಬಂದ್ರ ಅಪ್ಪ ಉಂಡಿದ್ದ.
ಬಟ್ಟಲು ತಳ ಕಾಣತಿತ್ತು.
ನನ್ನ ಕೈಯಾಗ ಮೂರು ತುತ್ತಿಗೆ ಬಾಯಿ ಮುಚ್ಚಂವ!
ಗಲ್ಲದ ಮ್ಯಾಲ ಮೋಸಂಬಿ ರಸ, ತುಟಿ ಓರೆ,
ಅದು ನಗು ಅಂತ ತಿಳೀಲಿಕ್ಕೆ ನನಗ ಹೊತ್ತು ಹಿಡೀತು.
ಹೊಟ್ಟಿ ಚುರ್ ಅಂತು. ಸುಳ್ಳು ಯಾಕ ಹೇಳಲಿ.

ಸಿಟ್ಟಿಲೇ ಬಗ್ಗಿ ಅಪ್ಪನ್ನ ಎತ್ತೂಕ ಹೋದೆ.
ಅಂವ ಬಲಗೈಲೆ ತನ್ನ ಮೊಳಕಾಲು ಬಡದ.
ಪಟ್, ಪಟ್.
'ನೋಡು ಕಾಕಾ, ದಿನಾ ಹಿಂಗೇ,
ಮುಟ್ಟಿದ್ರ ಸಾಕು, ನನ್ನ ಮ್ಯಾಲ ಸಿಟ್ಟು.'

ಲಾಡ್ಲೇಸಾಬ ನನ್ನನ್ನ ನೋಡಿದ, ಅಪ್ಪನ್ನ ನೋಡಿದ,
ಕೂತಲ್ಲೇ ಬಿದ್ದು ಬಿದ್ದು ನಕ್ಕ.
'ಸಿಟ್ಟಲ್ಲವೇ ಹುಚ್ಚಿ!
ಹೊಸ ಹಮಾಲರಿಗೆ ಮರೆಪ್ಪ ಹಿಂಗೇ ಬಡದು ತೋರಸ್ತಿದ್ದ:
ನಡದಿಂದ ಎತ್ತಬ್ಯಾಡ,
ಮೊಳಕಾಲು ಮಡಚಿ ಎತ್ತು.'

ಎರಡು ವರ್ಷ ಎಂಟು ತಿಂಗಳು
ಮಾತಿಲ್ಲದ ಮನಷ್ಯಾ
ನನ್ನ ನಡಾ ಕಾಯತಿದ್ದ.

ಬಾಕಿ ಮೋಸಂಬಿ ಎರಡು, ಗೂಡಿನಾಗ ಇಟ್ಟೆ.
ಲಾಡ್ಲೇಸಾಬ ಟಾವೆಲ್ಲು ಝಾಡಿಸಿ ಎದ್ದ.
ಅಮಾಸಿ ಅಮಾಸಿಗೆ ತಾನು,
ಹುಣ್ಣಿವಿಗೆ ಬಾ ಅಂತ ಸಾಯಬಣ್ಣನ್ನ ಕೇಳ್ತಾನಂತ.
'ಅಂವ ಬರಲಿಲ್ಲಂದ್ರ?' ಅಂದೆ.
'ಕೂಗು' ಅಂದ.

ರಾತ್ರಿ ಚಾದರ ಮತ್ತ ಒದ್ದಿ.
ಪಲಂಗಿನ ಬಾಜೂಕ ಕಾಲು ಅಗಲಿಸಿ ನಿಂತೆ,
ಮೊಳಕಾಲು ಮಡಚಿದೆ.
ಕತ್ತಲಾಗ ಪಟ್ ಅನ್ನೂದು ಕೇಳತದೇನೋ ಅಂತ ಕಾದೆ.
ಕೇಳಲಿಲ್ಲ.